ಮುಂಗಡವಿಲ್ಲದ ಮಾತು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡಿಗೆ ಕಾಲು ತಾಗಿಸುವವರು ತಂಡಕ್ಕೆ ಇಬ್ಬರೋ ಮೂವರೋ ಇರುತ್ತಾರೆ. ಉಳಿದವರೆಲ್ಲ ಹಿಡಿದು ಓಡುವವರು, ಎಸೆಯುವವರು, ಅಡ್ಡಗಟ್ಟುವವರು, ಕೆಡಹುವವರು. ನನ್ನ ಮಗ ಆ ಕಾಲಿನವರ, ಅಂದರೆ ಕಿಕ್ಕರ್‌ಗಳ ಪೈಕಿ. ನಾವು ಅಟ್ಲಾಂಟಾದ ಉತ್ತರಕ್ಕಿರುವ ಉಪನಗರವೊಂದರಲ್ಲಿ ನೆಲೆಸಿ ಹದಿನೆಂಟು ವರ್ಷಗಳಾದವು. ಒಂಬತ್ತನೆಯ ತರಗತಿಯವರೆಗೆ ಅವನು ಸಾಕರ್ ಆಡುತ್ತಿದ್ದ. ಅವನು ಕಾರ್ನರ್ ಕಿಕ್ ಹೊಡೆಯುವುದನ್ನು ಬೇಲಿಯಾಚೆಯಿಂದ ನೋಡಿದ ಶಾಲೆಯ ಫುಟ್‌ಬಾಲ್ ಕೋಚ್ ಮರುದಿನವೇ ಅವನನ್ನು ಕರೆಸಿ, ನೆಲದ ಮೇಲೆ ಎರಡಂಗುಲದ ರಬ್ಬರ್ ತುಂಡೊಂದನ್ನಿಟ್ಟು, ಅದರ ಮೇಲೆ ಚೆಂಡನ್ನು ನಿಲ್ಲಿಸಿ, ಆ ಕಂಬಗಳ ನಡುವೆ ಹೊಡೆ ಎಂದರಂತೆ. ಅಲ್ಲಿಂದ ಶುರುವಾದದ್ದು 2025ರ ಜೂನ್‌ವರೆಗೆ ನಮ್ಮ ಮನೆಯ ಊಟ, ನಿದ್ದೆ, ಉಳಿತಾಯ ಮೂರನ್ನೂ ತಿಂದಿತು.

ರಿಕ್ರೂಟಿಂಗ್ ಎಂದರೆ ಕಾಲೇಜುಗಳು ಒಳ್ಳೆಯ ಆಟಗಾರರನ್ನು ಹುಡುಕಿಕೊಂಡು ಬರುತ್ತವೆ ಎಂದು ನಾನು ತಿಳಿದಿದ್ದೆ. ಐದು ನಕ್ಷತ್ರದ ಶ್ರೇಯಾಂಕ ಪಡೆದ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಅದು ನಿಜವಿರಬಹುದು. ಕಿಕ್ಕರ್‌ಗಳ ವಿಷಯದಲ್ಲಿ ನಾವೇ ಕಾಲೇಜುಗಳನ್ನು ಹುಡುಕಿಕೊಂಡು ಹೋಗಬೇಕು, ಅದೂ ಶುಲ್ಕ ಕಟ್ಟಿ. ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ರಿಂದ ಕಾಲೇಜಿನ ಕೋಚ್‌ಗಳು ಹುಡುಗರಿಗೆ ನೇರವಾಗಿ ಸಂದೇಶ ಕಳಿಸಬಹುದು ಎಂಬುದು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ನಿಯಮ. 2023ರ ಆ ದಿನ ಮಗ ನಡುರಾತ್ರಿಯವರೆಗೆ ಎಚ್ಚರವಿದ್ದು ಕಾದ. ಅವನ ಜೊತೆಯ ಲೈನ್‌ಬ್ಯಾಕರ್ ಹುಡುಗನಿಗೆ ಬೆಳಗಾಗುವುದರೊಳಗೆ ಮೂವತ್ತು ಸಂದೇಶಗಳು ಬಂದಿದ್ದವು. ಇವನಿಗೆ ಬಂದದ್ದು ಎರಡು, ಎರಡೂ ಬೇಸಿಗೆ ಶಿಬಿರಕ್ಕೆ ಹಣ ಕಟ್ಟಿ ಬನ್ನಿ ಎಂಬ ಕರೆಗಳು.

ಇದಕ್ಕೆ ಕಾರಣ ಲೆಕ್ಕದಲ್ಲಿತ್ತು. ಎಫ್‌ಬಿಎಸ್ ಎಂಬ ಮೇಲಿನ ದರ್ಜೆಯ ತಂಡಕ್ಕೆ ಆಗ 85 ಸ್ಕಾಲರ್‌ಶಿಪ್‌ಗಳ ಮಿತಿಯಿತ್ತು ಮತ್ತು ಅವುಗಳನ್ನು ಒಡೆದು ಹಂಚುವಂತಿರಲಿಲ್ಲ. ಅದರ ಕೆಳಗಿನ ಎಫ್‌ಸಿಎಸ್ ದರ್ಜೆಯಲ್ಲಿ 63ರ ಮಿತಿ, ಆದರೆ ಅಲ್ಲಿ ಅರ್ಧ, ಕಾಲು ಎಂದು ಹಂಚಬಹುದಿತ್ತು. ಒಂದು ಪಂದ್ಯದಲ್ಲಿ ಎಂಟು ಹತ್ತು ಸಲ ಮೈದಾನಕ್ಕಿಳಿಯುವ ಹುಡುಗನಿಗೆ ಪೂರ್ಣ ಸ್ಕಾಲರ್‌ಶಿಪ್ ಕೊಡಲು ಕೋಚ್‌ಗಳು ಹಿಂದೆಮುಂದೆ ನೋಡುತ್ತಾರೆ. ಆದ್ದರಿಂದ ಕಿಕ್ಕರ್‌ಗಳಲ್ಲಿ ಹೆಚ್ಚಿನವರು ‘ಪ್ರಿಫರ್ಡ್ ವಾಕ್-ಆನ್’ ಆಗಿ ಸೇರುತ್ತಾರೆ. ಅಂದರೆ ತಂಡದಲ್ಲಿ ಜಾಗ ಉಂಟು, ಕೈಗೆ ಕಾಸಿಲ್ಲ. ಚೆನ್ನಾಗಿ ಹೊಡೆದರೆ ಎರಡನೆಯ ವರ್ಷವೋ ಮೂರನೆಯ ವರ್ಷವೋ ಸ್ಕಾಲರ್‌ಶಿಪ್ ಕೊಡುತ್ತೇವೆ ಎಂಬ ಬಾಯಿಮಾತು ಜೊತೆಗಿರುತ್ತದೆ.

ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಶಿಬಿರಗಳಿಗೆ ನಾನು ಕಾರು ಓಡಿಸಿದೆ. ನನ್ನ ಪತಿಗೆ ಈ ಆಟ ಹಿಡಿಸಲಿಲ್ಲ. ಆದ್ದರಿಂದ ವಿಡಿಯೊ ತೆಗೆಯುವುದು, ಅಳೆಯುವುದು, ಬರೆದಿಡುವುದು ಎಲ್ಲವೂ ನನ್ನ ಪಾಲಿಗೆ ಬಂತು. ಲಾಂಗ್ ಸ್ನ್ಯಾಪರ್ ಎಂಬ ಆಟಗಾರ ಚೆಂಡನ್ನು ಹಿಂದಕ್ಕೆ ಹಾರಿಸಿದ ಕ್ಷಣದಿಂದ ಕಾಲು ತಾಗುವವರೆಗೆ 1.3 ಸೆಕೆಂಡಿಗಿಂತ ಹೆಚ್ಚಾಗಬಾರದು. ಆಟ ಆರಂಭಿಸುವ ಹೊಡೆತವಾದ ಕಿಕ್‌ಆಫ್ ಗಾಳಿಯಲ್ಲಿ ನಾಲ್ಕು ಸೆಕೆಂಡಿನಷ್ಟು ತೇಲಬೇಕು. ಪ್ರೌಢಶಾಲೆಯಲ್ಲಿ ಕಿಕ್‌ಆಫ್ 40 ಗಜದ ಗೆರೆಯಿಂದ, ಕಾಲೇಜಿನಲ್ಲಿ 35ರಿಂದ. ಶಾಲೆಯಲ್ಲಿ ರಬ್ಬರ್ ತುಂಡಿನ ಮೇಲಿಟ್ಟು ಕಂಬಗಳ ನಡುವೆ ಹೊಡೆದ ಫೀಲ್ಡ್ ಗೋಲನ್ನು ಕಾಲೇಜಿನಲ್ಲಿ ಬರಿಯ ಹುಲ್ಲಿನ ಮೇಲಿಂದ ಹೊಡೆಯಬೇಕು. ಆ ಎರಡಂಗುಲವನ್ನು ಮರೆಯಲು ಮಗನಿಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು. ಇವೆಲ್ಲದರ ನಡುವೆ ಹದಿನಾರು ಕೋರ್ ಪಠ್ಯಗಳ ಪಟ್ಟಿ, ಅಂಕಪಟ್ಟಿ, ಎನ್‌ಸಿಎಎ ಅರ್ಹತಾ ಕೇಂದ್ರದ ನೋಂದಣಿಯೂ ಸಾಗುತ್ತಿತ್ತು. ನಮ್ಮವರ ಮನೆಗಳಲ್ಲಿ ಓದಿನ ಭಾಗ ಹೇಗೂ ನಡೆದುಬಿಡುತ್ತದೆ.

2024ರ ಜೂನ್‌ನಲ್ಲಿ ಪಕ್ಕದ ರಾಜ್ಯದ ವಿಶ್ವವಿದ್ಯಾಲಯವೊಂದರ ಶಿಬಿರದಲ್ಲಿ ಅವನು ನೆಲದ ಮೇಲಿಂದ ಹನ್ನೆರಡರಲ್ಲಿ ಹನ್ನೊಂದು ಹೊಡೆದ. ಕೊನೆಯದು 48 ಗಜ. ಮಧ್ಯಾಹ್ನ ನಮ್ಮಿಬ್ಬರನ್ನೂ ತಂಪಾದ ಕೋಣೆಗೆ ಕರೆದೊಯ್ದು, ತಂಡದ ಅಂಗಿ ತೊಡಿಸಿ, ಬಣ್ಣದ ದೀಪಗಳ ಕೆಳಗೆ ನಿಲ್ಲಿಸಿ ಫೋಟೊ ತೆಗೆದರು. ಕಿಕ್ಕರ್‌ಗಳನ್ನು ನೋಡಿಕೊಳ್ಳುವ ಸ್ಪೆಷಲ್ ಟೀಮ್ಸ್ ಕೋಚ್, ‘ಈ ವರ್ಷಕ್ಕೆ ನಮಗೆ ಬೇಕಾದ ಒಬ್ಬನೇ ಕಿಕ್ಕರ್ ನೀನು, ಮೊದಲ ವರ್ಷ ವಾಕ್-ಆನ್, ಎರಡನೆಯ ವರ್ಷದಿಂದ ಪೂರ್ಣ ಸ್ಕಾಲರ್‌ಶಿಪ್’ ಎಂದರು. ಹಿಂದೆಯೇ, ಇನ್ನೊಬ್ಬ ಹುಡುಗನೂ ಕೇಳುತ್ತಿದ್ದಾನೆ, ಹತ್ತು ದಿನದೊಳಗೆ ತಿಳಿಸಿದರೆ ಒಳ್ಳೆಯದು ಎಂದೂ ಸೇರಿಸಿದರು. ಒಬ್ಬನೇ ಬೇಕಾಗಿದ್ದರೆ ಇನ್ನೊಬ್ಬ ಎಲ್ಲಿಂದ ಬಂದ ಎಂಬ ಪ್ರಶ್ನೆ ನನಗೆ ಹೊಳೆದದ್ದು ಮನೆಗೆ ಬರುವ ದಾರಿಯಲ್ಲಿ, ಅರ್ಧ ಹೆದ್ದಾರಿ ಕಳೆದ ಮೇಲೆ.

ಜುಲೈ ಮೊದಲ ವಾರ ಮಗ ಫೋನಿನಲ್ಲಿ ಒಪ್ಪಿಗೆ ಕೊಟ್ಟ. ಈ ಒಪ್ಪಿಗೆಗೇ ‘ಕಮಿಟ್‌ಮೆಂಟ್’ ಎನ್ನುತ್ತಾರೆ. ಅದಕ್ಕೆ ಕಾಗದವಿಲ್ಲ, ಸಹಿಯಿಲ್ಲ, ಎರಡೂ ಕಡೆ ಕಾನೂನಿನ ಹಂಗಿಲ್ಲ. ಬರೆದು ಕೊಡಿ ಎಂದು ಕೇಳುವಂತೆಯೂ ಇರಲಿಲ್ಲ. ಹನ್ನೆರಡನೆಯ ತರಗತಿಯ ಆಗಸ್ಟ್ 1ಕ್ಕಿಂತ ಮೊದಲು ಲಿಖಿತ ಆಫರ್ ಕೊಡುವುದನ್ನು ನಿಯಮವೇ ತಡೆಯುತ್ತದೆ, ವಾಕ್-ಆನ್ ಹುಡುಗರಿಗಂತೂ ಆಮೇಲೂ ಬರೆದು ಕೊಡುವಂಥದ್ದು ಏನೂ ಇಲ್ಲ. ಮಗ ಆ ಅಂಗಿಯ ಫೋಟೊವನ್ನು ಟ್ವಿಟರ್‌ನಲ್ಲಿ ಹಾಕಿದ. ಕನ್ನಡ ಕೂಟದ ಬಳಗದಿಂದ ಅಭಿನಂದನೆಗಳು ಬಂದವು. ಅವರಲ್ಲಿ ಮುಕ್ಕಾಲು ಪಾಲು ಜನ ಸಾಕರ್ ಎಂದೇ ತಿಳಿದಿದ್ದರು.

ಚನ್ನಗಿರಿ ಕಡೆಯ ಹಳ್ಳಿಯಲ್ಲಿರುವ ನನ್ನ ಅಪ್ಪನಿಗೆ ಆ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿ, ‘ಮುಂಗಡ ಏನು ಕೊಟ್ರವ್ವಾ?’ ಎಂದರು. ನಾನು ನಕ್ಕುಬಿಟ್ಟೆ.

ಅವರ ಪ್ರಶ್ನೆಯ ಹಿಂದೆ ಐವತ್ತು ವರ್ಷಗಳ ಅಡಿಕೆ ವ್ಯವಹಾರವಿತ್ತು. ನಮ್ಮ ಕಡೆ ತೋಟದ ಫಸಲನ್ನು ಗೊನೆ ಮರದಲ್ಲಿರುವಾಗಲೇ ಚೇಣಿಗೆ ಕೊಡುವ ರೂಢಿಯಿದೆ. ಚೇಣಿದಾರ ಬಂದು ಕತ್ತೆತ್ತಿ ಸಾಲು ಸಾಲು ನೋಡಿ ಇಳುವರಿ ಅಂದಾಜು ಮಾಡುತ್ತಾನೆ, ಮಾತು ಕುದುರುತ್ತದೆ, ಕಾಫಿ ಕುಡಿಯುತ್ತಾರೆ. ಅಲ್ಲಿಯವರೆಗೆ ಅದು ಬರಿಯ ಮಾತು. ಮುಂಗಡದ ಹಣ ಅಪ್ಪನ ಕೈಗೆ ಬಂದ ಮೇಲೆ ಧಾರಣೆ ಏರಿತೆಂದು ಅಪ್ಪ ಇನ್ನೊಬ್ಬನಿಗೆ ಕೊಡುವಂತಿಲ್ಲ, ಇಳಿಯಿತೆಂದು ಚೇಣಿದಾರ ಮುಖ ತಪ್ಪಿಸಿದರೆ ಮುಂಗಡ ಹೋಯಿತು. ಅಪ್ಪ ಕೇಳಿದ್ದು ಹಣದ ವಿಷಯವನ್ನೇ ಆದರೂ ನಿಜವಾಗಿ ತಿಳಿಯಬೇಕೆಂದಿದ್ದದ್ದು, ಈ ಮಾತು ತಪ್ಪಿದರೆ ಅವರಿಗೇನು ನಷ್ಟ ಎಂಬುದನ್ನು. ಅದನ್ನು ನಾನು ಅರ್ಥ ಮಾಡಿಕೊಂಡಿದ್ದರೆ ಸೆಪ್ಟೆಂಬರ್‌ನಲ್ಲಿ ಬೇರೆ ಥರ ನಡೆದುಕೊಳ್ಳುತ್ತಿದ್ದೆ.

ಸೆಪ್ಟೆಂಬರ್‌ನಲ್ಲಿ ನಮ್ಮ ಜಾರ್ಜಿಯಾದ್ದೇ ಸರ್ಕಾರಿ ವಿಶ್ವವಿದ್ಯಾಲಯವೊಂದರ ಕೋಚ್ ಮಗನಿಗೆ ಫೋನ್ ಮಾಡಿದರು. ಅದು ಎಫ್‌ಸಿಎಸ್ ದರ್ಜೆಯ ತಂಡ. ಒಂದು ಪಂದ್ಯಕ್ಕೆ ಬಂದು ನೋಡಿ ಹೋಗು ಎಂದಷ್ಟೇ ಅವರು ಕೇಳಿದ್ದು. ಹೈಸ್ಕೂಲಿನಲ್ಲಿ 3.7 ಸರಾಸರಿ ಅಂಕ ಮತ್ತು ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ 1200 ಪಡೆದ ಈ ರಾಜ್ಯದ ಹುಡುಗರಿಗೆ ಜೆಲ್ ಮಿಲ್ಲರ್ ಸ್ಕಾಲರ್‌ಶಿಪ್ ಸರ್ಕಾರಿ ಕಾಲೇಜಿನ ಬೋಧನಾ ಶುಲ್ಕವನ್ನು ಪೂರ್ತಿ ತುಂಬುತ್ತದೆ. ಮಗನಿಗೆ ಎರಡೂ ಇದ್ದವು. ಪಕ್ಕದ ರಾಜ್ಯಕ್ಕೆ ಹೋದರೆ ಮೊದಲ ವರ್ಷ ಹೊರರಾಜ್ಯದವರ ದುಬಾರಿ ಶುಲ್ಕವನ್ನು ನಾವೇ ಕಟ್ಟಬೇಕಿತ್ತು. ಮಗ ‘ಸುಮ್ಮನೆ ನೋಡಿ ಬರಲಾ ಅಮ್ಮ?’ ಎಂದ. ನಾನು ಬೇಡವೆಂದೆ. ಒಂದು ಕಡೆ ಒಪ್ಪಿಕೊಂಡ ಮೇಲೆ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲುವುದು ನಮ್ಮ ಮನೆಯ ರೀತಿಯಲ್ಲ ಎಂದು ಉಪದೇಶವನ್ನೂ ಮಾಡಿದೆ. ಅವನು ಆ ಕೋಚ್‌ಗೆ ತಾನೇ ಫೋನ್ ಮಾಡಿ, ತಾನು ಕಮಿಟ್ ಆಗಿರುವುದರಿಂದ ಬರಲಾರೆ ಎಂದು ಹೇಳಿ, ಕರೆದದ್ದಕ್ಕೆ ಧನ್ಯವಾದ ತಿಳಿಸಿದ. ಆ ಒಂದು ಫೋನ್ ಆಮೇಲೆ ನಮ್ಮನ್ನು ಕಾಯಿತು.

ಅಕ್ಟೋಬರ್‌ನಲ್ಲಿ ಎರಡು ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. 1964ರಿಂದ ನಡೆದುಬಂದಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ, ಆಟಗಾರ ಸಹಿ ಹಾಕಿ ಕಾಲೇಜಿಗೆ ಕಟ್ಟುಬೀಳುವ ಪತ್ರವನ್ನು ಎನ್‌ಸಿಎಎ ರದ್ದು ಮಾಡಿ, ಇನ್ನು ಮುಂದೆ ಸ್ಕಾಲರ್‌ಶಿಪ್‌ನ ಒಪ್ಪಂದವೇ ಸಾಕು ಎಂದಿತು. ಹಾಗೆಯೇ ಕಾಲೇಜು ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ‘ಹೌಸ್’ ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಪ್ರಾಥಮಿಕ ಒಪ್ಪಿಗೆ ನೀಡಿದರು. ಅದರ ಪ್ರಕಾರ 85 ಸ್ಕಾಲರ್‌ಶಿಪ್‌ಗಳ ಮಿತಿ ಹೋಗಿ, ತಂಡದಲ್ಲಿ ಒಟ್ಟು 105 ಜನರಿಗಿಂತ ಹೆಚ್ಚು ಇರಬಾರದೆಂಬ ಮಿತಿ ಬರುತ್ತಿತ್ತು. 85 ಹೋಗಿ 105 ಬಂದರೆ ಇಪ್ಪತ್ತು ಹೆಚ್ಚಾಯಿತಲ್ಲ ಎಂದು ನಾನು ಹಿಗ್ಗಿದೆ. ಆಟದ ಗಂಧವಿಲ್ಲದ ನನ್ನ ಪತಿ ಸುದ್ದಿಯನ್ನು ಒಮ್ಮೆ ಓದಿ, ‘ಈಗ ಆ ತಂಡದಲ್ಲಿ ಎಷ್ಟು ಜನ ಇದ್ದಾರೆ?’ ಎಂದು ಕೇಳಿದರು. ವೆಬ್‌ಸೈಟಿನಲ್ಲಿ ಎಣಿಸಿದೆ: 121. ಸ್ಕಾಲರ್‌ಶಿಪ್ ಇಲ್ಲದ ವಾಕ್-ಆನ್‌ಗಳಿಂದಲೇ ತಂಡಗಳು ಅಷ್ಟು ದೊಡ್ಡದಾಗಿದ್ದವು, ಈಗ ಕತ್ತರಿ ಬೀಳುವುದೂ ಅವರ ಮೇಲೆಯೇ. ಕೋಚ್‌ಗೆ ಇಮೇಲ್ ಬರೆದು ಕೇಳಿದೆ. ನಿಮ್ಮ ಮಗನ ಜಾಗ ಭದ್ರವಾಗಿದೆ ಎಂಬ ಒಂದು ಸಾಲಿನ ಉತ್ತರ, ಕೊನೆಯಲ್ಲಿ ತಂಡದ ಘೋಷಣೆ.

ಥ್ಯಾಂಕ್ಸ್‌ಗಿವಿಂಗ್‌ಗೆ ಎರಡು ದಿನವಿರುವಾಗ ಅದೇ ಕೋಚ್ ಫೋನ್ ಮಾಡಿದರು. ಮಾತು ಆರು ನಿಮಿಷ ನಡೆಯಿತು. 105ರ ಮಿತಿಯಿಂದಾಗಿ ತಂಡದಲ್ಲಿ ಒಬ್ಬನೇ ಕಿಕ್ಕರ್‌ಗೆ ಜಾಗವಿದೆ, ಆ ಜಾಗಕ್ಕೆ ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಕಾಲೇಜು ಅನುಭವವಿರುವವನನ್ನು ತರಬೇಕೆಂದು ಮೇಲಿನವರು ತೀರ್ಮಾನಿಸಿದ್ದಾರೆ ಎಂದರು. ಮಗ ‘ಯೆಸ್ ಸರ್’ ಎಂದು ನಾಲ್ಕು ಬಾರಿ ಹೇಳಿದ. ಫೋನಿಟ್ಟು, ಟ್ವಿಟರ್‌ನಲ್ಲಿದ್ದ ಫೋಟೊವನ್ನು ಅಳಿಸಬೇಕೇ ಎಂದು ನನ್ನನ್ನು ಕೇಳಿದ.

ಡಿಸೆಂಬರ್ 4ರಂದು ಶಾಲೆಯ ಗ್ರಂಥಾಲಯದಲ್ಲಿ ಸಹಿ ಹಾಕುವ ಸಮಾರಂಭವಿತ್ತು. ಉದ್ದನೆಯ ಮೇಜು, ಪ್ರತಿ ಹುಡುಗನ ಮುಂದೆ ಅವನ ಕಾಲೇಜಿನ ಟೊಪ್ಪಿಗೆ, ಹಿಂದೆ ಬಲೂನು, ಪಕ್ಕದಲ್ಲಿ ಕೇಕು. ಬ್ಯಾನರ್ ಮೊದಲೇ ಮುದ್ರಣವಾಗಿದ್ದರಿಂದ ಅದರಲ್ಲಿ ಏಳು ಹೆಸರುಗಳಿದ್ದವು, ಮೇಜಿನ ಹಿಂದೆ ಆರು ಕುರ್ಚಿಗಳು. ಹೋಗಬೇಡ ಎಂದು ನಾನು ಹೇಳಿದ್ದೆ. ಅವನು ಹೋದ, ಕುರ್ಚಿಗಳನ್ನು ಜೋಡಿಸಿದ, ಗೆಳೆಯರ ಫೋಟೊ ತೆಗೆದ, ಉಳಿದ ಕೇಕನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ತಂಗಿಗೆ ತಂದ. ಬ್ಯಾನರ್‌ನಲ್ಲಿದ್ದ ಅವನ ಹೆಸರಿನ ಮೇಲೆ ಯಾರೋ ಬಲೂನೊಂದನ್ನು ಅಂಟಿಸಿದ್ದರಂತೆ. ಆ ಕೆಲಸ ಮಾಡಿದವರು ಯಾರೇ ಇರಲಿ, ಅವರ ಬಗ್ಗೆ ನನಗೆ ಕೃತಜ್ಞತೆಯಿದೆ.

ಆ ದಿನಗಳಲ್ಲಿ ನಾನು ಈ ‘ಕಮಿಟ್‌ಮೆಂಟ್’ ಎಂಬುದರ ಹಿಂದಿನ ಕಥೆಗಳನ್ನು ಹುಡುಕಿ ಓದಿದೆ. 2010ರಲ್ಲಿ ಡೇವಿಡ್ ಸಿಲ್ಸ್ ಎಂಬ ಹದಿಮೂರು ವರ್ಷದ ಹುಡುಗನಿಗೆ ಕ್ಯಾಲಿಫೋರ್ನಿಯಾದ ಯುಎಸ್‌ಸಿ ವಿಶ್ವವಿದ್ಯಾಲಯದ ಕೋಚ್ ಲೇನ್ ಕಿಫಿನ್ ಕ್ವಾರ್ಟರ್‌ಬ್ಯಾಕ್ ಜಾಗ ಕೊಡುತ್ತೇನೆಂದರು, ಹುಡುಗ ಒಪ್ಪಿದ. ಅವನಿಗೆ ಕಾಲೇಜಿನ ವಯಸ್ಸಾಗುವುದರೊಳಗೆ ಕಿಫಿನ್ ಅವರ ಕೆಲಸವೇ ಹೋಗಿತ್ತು; ಅವನು ಕೊನೆಗೆ ಆಡಿ ಹೆಸರು ಮಾಡಿದ್ದು ವೆಸ್ಟ್ ವರ್ಜೀನಿಯಾದಲ್ಲಿ, ಅದೂ ಎಸೆದ ಚೆಂಡನ್ನು ಹಿಡಿಯುವ ರಿಸೀವರ್ ಆಗಿ. 2021ರ ನವೆಂಬರ್ ಕೊನೆಯಲ್ಲಿ ಲಿಂಕನ್ ರೈಲಿ ಓಕ್ಲಹೋಮಾ ಬಿಟ್ಟು ಯುಎಸ್‌ಸಿಗೆ ಹೊರಟಾಗ, ಅವರನ್ನು ನಂಬಿ ಒಪ್ಪಿದ್ದ ಹುಡುಗರು ಸಹಿ ಹಾಕುವ ದಿನಕ್ಕೆ ಎರಡು ಮೂರು ವಾರವಷ್ಟೇ ಉಳಿದಿತ್ತು. ಹುಡುಗರೇನೂ ಮಾತಿಗೆ ಕಟ್ಟುಬಿದ್ದವರಲ್ಲ. ಫ್ಲಾರಿಡಾ ಸ್ಟೇಟ್‌ಗೆ ಬಹುಕಾಲ ಕಮಿಟ್ ಆಗಿದ್ದ ಟ್ರ್ಯಾವಿಸ್ ಹಂಟರ್ ಸಹಿಯ ದಿನವೇ ಜ್ಯಾಕ್ಸನ್ ಸ್ಟೇಟ್‌ನ ಪಾಲಾದರು. 2021ರ ಜುಲೈಯಲ್ಲಿ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಅವಕಾಶವಾದ ಮೇಲೆ ಇಂಥ ಬದಲಾವಣೆಗಳು ವಾರದ ಸುದ್ದಿಯಾಗಿವೆ. ಮಾತು ತಪ್ಪಿದರೆಂದು ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಏಕೆಂದರೆ ಎರಡು ಕಡೆಯ ನಷ್ಟವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕೋಚ್‌ಗೆ 105 ಹುಡುಗರು, ಪ್ರತಿ ವರ್ಷವೂ ಹೊಸ ಫಸಲು. ಹುಡುಗನಿಗೆ ಹನ್ನೆರಡನೆಯ ತರಗತಿ ಬರುವುದು ಒಂದೇ ಸಲ.

ನಮ್ಮ ಜಾರ್ಜಿಯಾದಲ್ಲಿ ಈ ವಿಷಯ ಬಂದಾಗಲೆಲ್ಲ ರೋಕ್ವಾನ್ ಸ್ಮಿತ್ ಎಂಬ ಆಟಗಾರರ ಹೆಸರು ಬರುತ್ತದೆ. 2015ರ ಫೆಬ್ರವರಿಯಲ್ಲಿ ಅವರು ಟಿವಿಯ ಮುಂದೆ ಯುಸಿಎಲ್‌ಎ ಎಂದು ಘೋಷಿಸಿದರು. ತಮ್ಮನ್ನು ಕರೆತಂದ ಕೋಚ್ ಆ ಕಾಲೇಜನ್ನೇ ಬಿಟ್ಟು ವೃತ್ತಿಪರ ತಂಡವಾದ ಅಟ್ಲಾಂಟಾ ಫಾಲ್ಕನ್ಸ್‌ಗೆ ಹೋಗುತ್ತಿದ್ದಾರೆಂದು ತಿಳಿದದ್ದು ಅದರ ಬೆನ್ನಿಗೇ. ಸಹಿ ಮಾಡಿದ ಲೆಟರ್ ಆಫ್ ಇಂಟೆಂಟ್ ಇನ್ನೂ ಕಾಲೇಜಿಗೆ ಹೋಗಿರಲಿಲ್ಲ. ಅವರು ಅದನ್ನು ಕಳಿಸಲೇ ಇಲ್ಲ. ಬರಿಯ ಸ್ಕಾಲರ್‌ಶಿಪ್ ಪತ್ರದ ಮೇಲೆ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಲೆಟರ್ ಆಫ್ ಇಂಟೆಂಟ್ ಹುಡುಗನನ್ನು ಕಾಲೇಜಿಗೆ ಕಟ್ಟುತ್ತಿತ್ತು, ಬಿಟ್ಟು ಬೇರೆಡೆ ಹೋದರೆ ಅವನ ಆಟದ ಅವಧಿ ನಷ್ಟವಾಗುತ್ತಿತ್ತು. ಕೋಚ್ ಮಾತ್ರ ಯಾವಾಗ ಬೇಕಾದರೂ ಹೊರಡಬಹುದಿತ್ತು. ಸಹಿಯನ್ನು ತಡೆದು ಹಿಡಿದ ಹಳ್ಳಿ ಹುಡುಗ ಮೂರು ವರ್ಷದ ನಂತರ ವೃತ್ತಿಪರ ಲೀಗಿನ ವಾರ್ಷಿಕ ಆಯ್ಕೆಯಲ್ಲಿ ಎಂಟನೆಯವನಾಗಿ ಷಿಕಾಗೊ ಬೇರ್ಸ್ ತಂಡಕ್ಕೆ ಆಯ್ಕೆಯಾದರು.

ಹಾಗಾದರೆ ಕಮಿಟ್‌ಮೆಂಟ್ ಎಂದರೆ ಏನಿರಬೇಕು ಎಂಬುದರ ಬಗ್ಗೆ ನನಗೀಗ ಒಂದು ಅಭಿಪ್ರಾಯವಿದೆ. ಹುಡುಗ ಒಪ್ಪಿಕೊಂಡ ದಿನವೇ, ವಯಸ್ಸು ತರಗತಿ ನೋಡದೆ, ಕಾಲೇಜು ತಾನು ಕೊಡುವುದೇನೆಂದು ಬರೆದು ಕೊಡಬೇಕು. ಬರೆಯಲು ಮನಸ್ಸಿಲ್ಲದಿದ್ದರೆ ಆಫರ್ ಎಂಬ ಪದವನ್ನು ಬಾಯಿಗೆ ತರಬಾರದು. ಹಿಂದೆಗೆದುಕೊಂಡರೆ ಒಂದು ವರ್ಷದ ಬೋಧನಾ ಶುಲ್ಕವನ್ನಾದರೂ ತುಂಬಿಕೊಡಬೇಕು, ಅಪ್ಪ ಕೇಳಿದ ಮುಂಗಡದ ಹಾಗೆ. ಕರೆದ ಕೋಚ್ ಕಾಲೇಜು ಬಿಟ್ಟರೆ ಹುಡುಗ ಆ ಕ್ಷಣದಿಂದ ಸ್ವತಂತ್ರ. ಹುಡುಗನೂ ಅಷ್ಟೆ, ಒಪ್ಪಿದ ಮೇಲೆ ಬೇರೆಡೆ ಹೋಗುವ ಮನಸ್ಸಾದರೆ ಟ್ವಿಟರ್‌ಗೆ ಹೇಳುವ ಮೊದಲು ಆ ಕೋಚ್‌ಗೆ ಫೋನ್ ಮಾಡಿ ಹೇಳಬೇಕು. ಇಷ್ಟನ್ನು ಒಮ್ಮೆ ಶಾಲೆಯ ಪೋಷಕರ ಸಭೆಯಲ್ಲಿ ಹೇಳಿದಾಗ ಪಕ್ಕದಲ್ಲಿದ್ದ ತಂದೆಯೊಬ್ಬರು, ಹಾಗೆ ಮಾಡಿದರೆ ಯಾವ ಕಾಲೇಜೂ ಕಿಕ್ಕರ್‌ಗಳಿಗೆ ಆಫರ್ ಕೊಡುವುದೇ ಇಲ್ಲ ಎಂದರು. ಅವರ ಮಾತಿನಲ್ಲಿ ಸತ್ಯವಿರಬಹುದು. ಆದರೂ ಇಲ್ಲ ಎಂಬುದನ್ನು ಜೂನ್‌ನಲ್ಲೇ ಕೇಳುವುದು ನವೆಂಬರ್‌ನಲ್ಲಿ ಕೇಳುವುದಕ್ಕಿಂತ ಮೇಲು.

ಜನವರಿಯಲ್ಲಿ ಮಗ, ತಾನು ಹಿಂದೆ ನಿರಾಕರಿಸಿದ್ದ ನಮ್ಮ ರಾಜ್ಯದ ಆ ಕೋಚ್‌ಗೆ ಫೋನ್ ಮಾಡಿದ. ‘ತಾನೇ ಫೋನ್ ಮಾಡಿ ಬರುವುದಿಲ್ಲ ಎಂದವನು ನೀನಲ್ಲವೇ’ ಎಂದು ಅವರು ಗುರುತು ಹಿಡಿದರು. ಫೆಬ್ರವರಿಯಲ್ಲಿ ಹೋಗಿ ನೋಡಿ ಬಂದೆವು. ಈ ಬಾರಿ ಪ್ರಶ್ನೆಗಳನ್ನು ನಾನು ಬರೆದುಕೊಂಡು ಹೋಗಿದ್ದೆ; ಮಗ ಅವುಗಳನ್ನು ತಾನೇ ಕೇಳಿದ. ನಿಮ್ಮ ಪಟ್ಟಿಯಲ್ಲಿ ಎಷ್ಟು ಕಿಕ್ಕರ್‌ಗಳಿದ್ದಾರೆ, ಅದರಲ್ಲಿ ನಾನು ಎಷ್ಟನೆಯವನು, ಗಾಯವಾದರೆ ಏನು, ನೀವು ಹೋದರೆ ಏನು. ಎರಡು ದಿನದ ನಂತರ ಕೋಚ್ ಮೂರು ಸಾಲಿನ ಇಮೇಲ್ ಕಳಿಸಿದರು. ಆಗಸ್ಟ್‌ನ ತರಬೇತಿಗೆ ನಿನ್ನ ಹೆಸರು ಪಟ್ಟಿಯಲ್ಲಿರುತ್ತದೆ. ತಂಡದಿಂದ ಹಣದ ಭರವಸೆ ಕೊಡಲಾರೆ. ನಾನು ಹೋದರೆ ಮುಂದೆ ಬರುವವರ ಪರವಾಗಿ ಮಾತು ಕೊಡಲಾರೆ. ಇಷ್ಟು ಕಡಿಮೆ ಕೊಡುತ್ತೇನೆಂದು ಬರೆದವರು ಕೊಟ್ಟಷ್ಟನ್ನಾದರೂ ಕೊಡುತ್ತಾರೆ ಎನ್ನಿಸಿತು. ಬೋಧನಾ ಶುಲ್ಕವನ್ನು ಜೆಲ್ ಮಿಲ್ಲರ್ ನೋಡಿಕೊಂಡಿತು, ಮಗ ಒಪ್ಪಿದ. ಟ್ವಿಟರ್‌ನಲ್ಲಿ ಏನನ್ನೂ ಹಾಕಲಿಲ್ಲ.

ಹೌಸ್ ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ಬಂದದ್ದು 2025ರ ಜೂನ್ 6ರಂದು. 105ರ ಮಿತಿಯ ಕಾರಣಕ್ಕೆ ಜಾಗ ಕಳೆದುಕೊಂಡ ಹುಡುಗರಿಗೆ ರಕ್ಷಣೆ ಬೇಕೆಂದು ನ್ಯಾಯಾಧೀಶೆ ಏಪ್ರಿಲ್‌ನಿಂದಲೇ ಪಟ್ಟು ಹಿಡಿದಿದ್ದರಿಂದ, ಮಾತು ಕೊಟ್ಟು ಕೈಬಿಡಲಾದ ಹೈಸ್ಕೂಲಿನ ಹುಡುಗರೂ ಸೇರಿದಂತೆ ಅಂಥವರನ್ನು ಕಾಲೇಜುಗಳು ಮಿತಿಯ ಲೆಕ್ಕದ ಹೊರಗೆ ಸೇರಿಸಿಕೊಳ್ಳಬಹುದು ಎಂಬ ಅಂಶ ಅದರಲ್ಲಿ ಬಂತು. ಸೇರಿಸಿಕೊಳ್ಳಲೇಬೇಕೆಂಬ ಕಡ್ಡಾಯವಿರಲಿಲ್ಲ. ಹತ್ತು ದಿನಗಳ ನಂತರ ಪಕ್ಕದ ರಾಜ್ಯದ ಆ ಸಂಖ್ಯೆಯಿಂದ ಮಗನಿಗೆ ಫೋನ್ ಬಂತು. ಈಗ ನಿನಗೆ ಜಾಗ ಮಾಡಿಕೊಡಬಹುದು, ಇನ್ನೂ ಆಸಕ್ತಿಯಿದೆಯೇ ಎಂದು ಕೇಳಿದರು.

ಸೆಪ್ಟೆಂಬರ್‌ನಲ್ಲಿ ನಾನು ಮಾಡಿದ್ದ ಉಪದೇಶ ಆಗ ನನಗೇ ನೆನಪಿಗೆ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ದೊಡ್ಡ ಕ್ರೀಡಾಂಗಣ, ಟಿವಿ, ಸ್ಕಾಲರ್‌ಶಿಪ್ ಎಲ್ಲವೂ ಕಣ್ಣ ಮುಂದೆ ಹಾದುಹೋಗಿ, ಯೋಚಿಸಿ ಹೇಳುತ್ತೇನೆ ಅನ್ನು ಎಂದು ಮಗನಿಗೆ ಕೈಸನ್ನೆ ಮಾಡಿದೆ. ಅವನು ಅತ್ತ ತಿರುಗಿ, ಧನ್ಯವಾದ ಸರ್, ಆಗುವುದಿಲ್ಲ ಎಂದು ಹೇಳಿ ಫೋನಿಟ್ಟ. ನಮ್ಮ ರಾಜ್ಯದ ಕೋಚ್‌ಗೆ ಕೊಟ್ಟ ಮಾತಿಗಾಗಿಯೋ ಅಥವಾ ಪಕ್ಕದ ರಾಜ್ಯದವರನ್ನು ಇನ್ನು ನಂಬಲಾಗದೆಂದೋ ಎಂದು ಕೇಳಿದೆ. ಅವನು ಫ್ರಿಜ್ ತೆರೆದು ಹಾಲಿನ ಕ್ಯಾನ್ ಹುಡುಕುತ್ತ ಹೇಳಿದ: ‘ಲಾಂಗ್ ಸ್ನ್ಯಾಪರ್ ನನ್ನ ರೂಮ್‌ಮೇಟ್ ಅಮ್ಮ. ರೂಮಿಗೆ ಫ್ರಿಜ್ ಅವನು ತರ್ತಾನೆ, ಮೈಕ್ರೋವೇವ್ ನಾನು ತರ್ತೀನಿ ಅಂತ ಹೇಳಿದ್ದೀನಿ.’